ಓಡಿದವರು ಓಡಿಸುವಾಗ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಸ್ಪರ್ಧೆ ಮೊತ್ತಮೊದಲಿಗೆ ಏರ್ಪಟ್ಟಾಗ, ಆ ವಿದ್ಯೆಯನ್ನು ಕೆಲವೇ ತಿಂಗಳುಗಳ ಹಿಂದೆ ಕೈಗೊಂಡಿದ್ದ ಪಯ್ಯೋಳಿಯ ಪಿ. ಟಿ. ಉಷಾ 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿಯೂ, ರುಮೇನಿಯದ ಕೊಜೊಕಾರುವಿಗಿಂತ ಸೆಕೆಂಡಿನ ನೂರನೆಯ ಒಂದಂಶದಷ್ಟು ಹಿಂದಾಗಿ ಕಂಚಿನ ಪದಕದಿಂದ ವಂಚಿತರಾದ ಕಥೆ ನಮ್ಮ ಶಾಲಾಬಾಲಕರಿಗೂ ಕಂಠಪಾಠವಾಗಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ಕೊಯಮತ್ತೂರಿನ ವಿದ್ಯಾ ರಾಮರಾಜ್ ಸರಿಗಟ್ಟುವವರೆಗೆ ಆ ರಾಷ್ಟ್ರೀಯ ದಾಖಲೆಯನ್ನು ಮುಟ್ಟಿದವರಿರಲಿಲ್ಲ. ಆದರೆ ಆ ಓಟವನ್ನು ನೆನೆನೆನೆದು ಮರುಗುವ ನಾವು, ಅದನ್ನು ಓಡಿದವರು ತರುವಾಯ ಎಂತಹ ಗುರುವಾದರೆಂದು ವಿಚಾರಿಸುವುದು ಅಪರೂಪ.

ವಾಯುಸೇನೆಯ ನಿವೃತ್ತ ಯೋಧರಾದ ಓ. ಎಂ. ನಂಬಿಯಾರ್ ಕಣ್ಣೂರಿನ ಕ್ರೀಡಾಶಾಲೆಯಲ್ಲಿ ಕೃಶಾಂಗಿಯಾದ ಬಾಲೆಯೊಬ್ಬಳ ನಡಿಗೆಯ ಚುರುಕನ್ನು ಕಂಡು ಕೈಹಿಡಿದು, ಪಯ್ಯೋಳಿಯ ಕಡಲತೀರದ ಮರಳಿನ ಮೇಲೆ ಓಡಿಸಿ ಓಡಿಸಿ ಹದಗೊಳಿಸಿದರು. ಗುರುಶಿಷ್ಯರ ಆ ಏಕಾಂತನಿಷ್ಠೆಯೇ, 2002ರಲ್ಲಿ ಕೊಯಿಲಾಂಡಿಯಲ್ಲಿ ಆರಂಭವಾದ ಉಷಾರ ಅಥ್ಲೆಟಿಕ್ಸ್ ಶಾಲೆಯ ಅಸ್ತಿಭಾರವೆಂದು ನನಗೆ ತೋರುತ್ತದೆ. ಹೆಣ್ಣುಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಆರಿಸಿ, ಅಲ್ಲಿಯೇ ಇರಿಸಿಕೊಂಡು, ಓದಿಸುತ್ತಲೇ ಓಡಿಸುವ ಪದ್ಧತಿ ಅದು.

ವಿಚಿತ್ರವೆಂದರೆ ಆ ಶಾಲೆಯ ಪ್ರಥಮ ಪ್ರಸಿದ್ಧ ಶಿಷ್ಯೆ ಹರ್ಡಲ್ ಓಟಗಾರ್ತಿಯಲ್ಲ. ಟಿಂಟು ಲೂಕಾ 800 ಮೀಟರಿನವರು. 2010ರಲ್ಲಿ ಸ್ಪ್ಲಿಟ್ ನಗರದಲ್ಲಿ 1 ನಿಮಿಷ 59.17 ಸೆಕೆಂಡುಗಳಲ್ಲಿ ಓಡಿ ಶೈನಿ ವಿಲ್ಸನ್ನರ ರಾಷ್ಟ್ರೀಯ ದಾಖಲೆಯನ್ನು ಅಳಿಸಿದರು. ನಲವತ್ತೈದು ಮೀಟರಿಗೆ ಮೊದಲನೆಯ ಹರ್ಡಲ್, ಬಳಿಕ ಮೂವತ್ತೈದಕ್ಕೊಂದರಂತೆ ಇನ್ನೊಂಬತ್ತು ದಾಟಿ, ಹೆಜ್ಜೆಹೆಜ್ಜೆಯನ್ನೂ ಎಣಿಸಿಯೇ ಇಡಬೇಕಾದ ಶಾಸ್ತ್ರದಲ್ಲಿ ನುರಿತವರ ಶಿಷ್ಯೆ, ಮೊದಲ ಸುತ್ತಿನಲ್ಲಿಯೇ ಲೆಕ್ಕವನ್ನು ಗಾಳಿಗೆ ತೂರಿದವರಂತೆ ಮುಂದೆ ನುಗ್ಗಿ, ಕಡೆಯ ನೂರು ಮೀಟರಿನಲ್ಲಿ ಬಳಲಿ, ಹಿಂದಿನವರಿಗೆ ದಾರಿಬಿಡುತ್ತಿದ್ದುದನ್ನು ಪಂಡಿತರು ಬಹಳವಾಗಿ ಟೀಕಿಸಿದರು. ಗ್ವಾಂಗ್‌ಝೌ ಏಷ್ಯಾಡಿನಲ್ಲಿ ದೊರೆತ ಕಂಚು ಆ ಟೀಕೆಗೆ ಸಾಕ್ಷಿಯಾಗಿ ಬಂದಿತು. (ಪಂಡಿತರಲ್ಲಿ ಬಹುಮಂದಿ 800 ಮೀಟರ್ ನಡೆದರೂ ಏದುಸಿರು ಬಿಡುವವರೆಂಬುದು ಬೇರೆ ಮಾತು.)

ನನಗಾದರೋ ಅದು ತಿದ್ದದೆ ಉಳಿದ ದೋಷವೆನಿಸಿಲ್ಲ. ನಾಲ್ಕುನೂರು ಮೀಟರಿನ ಓಟಗಾರರ ರಕ್ತದಲ್ಲಿರುವ ಅಸಹನೆ, ಒಬ್ಬರ ನೆರಳಿನಲ್ಲಿ ಸಾಗುವುದನ್ನೊಪ್ಪದ ಹಠ, ಗುರುವಿನಿಂದ ಶಿಷ್ಯೆಗೆ ಇಳಿದುಬಂದ ಸ್ವಭಾವವದು. ತಾಳ್ಮೆಯನ್ನು ಬೋಧಿಸಿದ್ದರೆ ಪದಕಗಳು ಇನ್ನೆರಡು ಹೆಚ್ಚಿರಬಹುದಿತ್ತು. ಆದರೆ ಅಂತಹ ತಾಳ್ಮೆಯ ಓಟವನ್ನು ನೋಡಲು ನಾನು ಬೆಳಗಿನ ನಿದ್ದೆ ಬಿಟ್ಟು ಏಳುತ್ತಿದ್ದೆನೆ ಎಂಬುದು ಸಂದೇಹ. 2015ರ ವುಹಾನ್ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಟಿಂಟುವಿಗೆ ಚಿನ್ನ ಬಂದಾಗ ಪಂಡಿತರು ತಂತ್ರದ ಮಾತನ್ನೇ ಎತ್ತಲಿಲ್ಲ.