ಸೂತ್ರವುಂಟು, ವೃತ್ತಿ ವಿರಳ

ಎಲ್‌ಎಂಡಿಬಿ ಎಂಬುದು ಹೋವರ್ಡ್ ಚೂ ಅವರು ಓಪನ್‌ಎಲ್‌ಡಿಎಪಿ ಯೋಜನೆಗಾಗಿ ಸಿ ಭಾಷೆಯಲ್ಲಿ ರಚಿಸಿ 2011ರಲ್ಲಿ ಹೊರತಂದ ಡೇಟಾಬೇಸ್ ಲೈಬ್ರರಿ. ಮೂಲವು ಎಲ್ಲರಿಗೂ ಮುಕ್ತ; ಗಾತ್ರ ಕಿರಿದು; ವೇಗಕ್ಕೆ ಬಂದ ಖ್ಯಾತಿ ಸಾರ್ಥಕವಾದುದೇ. ಹೊಸಬನು ಅದರ ಬಾಗಿಲಿಗೆ ಬಂದು ನಿಂತಾಗ ದೊರೆಯುವ ವಿವರಣೆ ಎಂತಹುದು ಎಂಬುದಷ್ಟೇ ಇಲ್ಲಿ ವಿಚಾರಣೀಯ.

ವಿವರಣೆಯೇ ಇಲ್ಲವೆಂದರೆ ಅನ್ಯಾಯವಾದೀತು. ಇದೆ, ಆದರೆ ಅದರ ಬಹುಭಾಗ ಹೆಡರ್ ಕಡತದ ಟಿಪ್ಪಣಿಗಳಲ್ಲಿ, ಒಂದೊಂದು ಫಂಕ್ಷನ್ನಿಗೆ ಒಂದೊಂದು ಉಕ್ತಿಯಾಗಿ ಚದುರಿದೆ. ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ಸೂತ್ರವನ್ನು ಕಂದದಲ್ಲಿ ಬಿಗಿದು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ವೃತ್ತಿಯನ್ನು ಬರೆದನು, ಪೂರ್ವಕವಿಗಳ ಪ್ರಯೋಗಗಳನ್ನೂ ಎತ್ತಿಕೊಟ್ಟನು. ಇಲ್ಲಿ ವೃತ್ತಿ ವಿರಳ, ಪ್ರಯೋಗ ಅತಿವಿರಳ.

ಒಂದು ನಿದರ್ಶನವನ್ನು ನೋಡಬಹುದು. ಅಭ್ಯಾಸಿಯು ದಾಖಲೆಗಳನ್ನು ತುಂಬುತ್ತ ಹೋಗುತ್ತಾನೆ. ಹಠಾತ್ತನೆ 'ಮ್ಯಾಪ್ ಫುಲ್' ಎಂಬ ದೋಷಸಂಕೇತ ಬರುತ್ತದೆ. ಡಿಸ್ಕಿನಲ್ಲಾದರೋ ಸ್ಥಳ ಬೇಕಾದಷ್ಟಿದೆ! ಕಾರಣವಿಷ್ಟೆ: ಈ ಲೈಬ್ರರಿಯು ಕಡತವನ್ನು ಮೆಮೊರಿಯ ವಿಳಾಸಗಳೊಡನೆ ಹೊಂದಿಸಿಕೊಂಡು ಓದುತ್ತದೆ. ಆ ಹೊಂದಿಕೆಯ ಮೇಲ್ಮಿತಿಯನ್ನು ಬಳಸುವವನೇ ಗೊತ್ತುಪಡಿಸತಕ್ಕದ್ದು. ಇಲ್ಲವಾದರೆ ಅದು 10485760 ಬೈಟುಗಳೆಂದು ಟಿಪ್ಪಣಿಯ ಹೇಳಿಕೆ. ಈ ಸಂಖ್ಯೆ ಹೆಡರಿನಲ್ಲಿ ಇದ್ದೇ ಇದೆ. ಆದರೆ ಅದಿರುವುದು ಮಿತಿಯನ್ನು ನಿಗದಿಮಾಡುವ ಫಂಕ್ಷನ್ನಿನ ಟಿಪ್ಪಣಿಯಲ್ಲಿ. ಅಂತಹದೊಂದುಂಟೆಂದು ಬಲ್ಲವನಿಗೆ ಮಾತ್ರ ಅಲ್ಲಿ ನೋಡಬೇಕೆಂದು ತೋಚೀತು. ಅರಿಯದವನು ಬಲ್ಲವರನ್ನು ಕೇಳುತ್ತಾನೆ. 'ಹೆಡರನ್ನು ಓದಿ' ಎಂಬ ಉತ್ತರ ಸತ್ಯವಾದರೂ ಉಪಕಾರಕವಲ್ಲ. ಪದವನ್ನೇ ಅರಿಯದವನ ಕೈಗೆ ನಿಘಂಟನ್ನು ಕೊಟ್ಟಂತಾಯಿತು.

ಈ ತೊಡಕಿನಲ್ಲಿ ಹೋಗುವುದು ಹೊತ್ತು ಮಾತ್ರ. ಬೇರೆಡೆ ಅಪಾಯ ಹೆಚ್ಚು. ಹಳೆಯ ಸ್ಥಿತಿಯನ್ನು ಓದುತ್ತ ಕುಳಿತ ವ್ಯವಹಾರವೊಂದು ಮುಗಿಯುವ ತನಕ, ಆ ಬಳಿಕ ತೆರವಾದ ಪುಟಗಳನ್ನು ಮರಳಿ ಬಳಸುವಂತಿಲ್ಲ. ಕಡತ ಉಬ್ಬುತ್ತ ಹೋಗುತ್ತದೆ. ಒಂದೇ ಪ್ರಕ್ರಿಯೆಯೊಳಗೆ ಅದೇ ಡೇಟಾಬೇಸನ್ನು ಎರಡು ಬಾರಿ ತೆರೆದು ಒಂದನ್ನು ಮುಚ್ಚಿದರೆ ಬೀಗದ ಏರ್ಪಾಡೇ ಮುರಿಯುತ್ತದೆ. ಇವೆರಡೂ ಎಚ್ಚರಿಕೆಗಳಾಗಿ ಬರೆದಿರುವುವೇ, ತಲಾ ಒಂದೆರಡು ಸಾಲುಗಳಲ್ಲಿ. ಲೆಕ್ಕದ ಪುಸ್ತಕವನ್ನು ಇದಕ್ಕೆ ಒಪ್ಪಿಸುವವನಿಗೆ ಅಷ್ಟು ಸಾಲದು.

ಪ್ರವೇಶಿಕೆಯೊಂದೂ ಸೇರಿದೆ. ಅದರ ಮೊದಲ ರೂಪವನ್ನು ಸಿದ್ಧಪಡಿಸಿದವರು ಬರ್ಟ್ ಹ್ಯೂಬರ್ಟ್ ಎಂದು ಅಲ್ಲಿಯೇ ಕೃತಜ್ಞತೆಯಿಂದ ಹೇಳಿದೆ. ಅವರು ಪವರ್‌ಡಿಎನ್‌ಎಸ್ ತಂತ್ರಾಂಶವನ್ನು ಆರಂಭಿಸಿದವರು, ಈ ಲೈಬ್ರರಿಯ ಕರ್ತೃವಲ್ಲ. ವ್ಯಾಖ್ಯಾನವು ಹೊರಗಿನವರಿಂದ ಬಂದುದು ಕರ್ತೃವಿಗೇನೂ ಕುಂದಲ್ಲ. ಆದರೆ ಪ್ರವೇಶಿಕೆ ಹೋಗುವುದು ಸರಿದಾರಿಯಲ್ಲಿ ನಡೆಯುವವನೊಡನೆ, ಎಡವಿದವನೊಡನಲ್ಲ. ದೋಷಸಂಕೇತಗಳನ್ನೇ ತಲೆಬರಹವಾಗಿಟ್ಟು, ಪ್ರತಿಯೊಂದು ಯಾವ ಸಂದರ್ಭದಲ್ಲಿ ಏಳುತ್ತದೆ, ಏಳದಂತೆ ಏನು ಮಾಡತಕ್ಕದ್ದು ಎಂದು ಯಾರಾದರೂ ಬರೆಯಬೇಕಾಗಿದೆ. 'ಮ್ಯಾಪ್ ಫುಲ್'ನಿಂದಲೇ ತೊಡಗಬಹುದು.