ಶಿಕ್ಷಣಶಾಸನದ ಕ್ರಿಯಾಪದಗಳು

೨೦೦೯ರ ಶಿಕ್ಷಣಹಕ್ಕಿನ ಶಾಸನವನ್ನು ವಕೀಲರು ಓದಿರುವರು, ವೈಯಾಕರಣರೂ ಓದತಕ್ಕದ್ದೇ. ಅದರ ೨೧ನೆಯ ವಿಧಿಯು ಸರಕಾರೀ ಶಾಲೆಗೆ ‘ಆಡಳಿತ ಸಮಿತಿ’ಯೊಂದನ್ನು ವಿಧಿಸಿ, ಮುಕ್ಕಾಲು ಪಾಲು ಸ್ಥಾನಗಳನ್ನು ತಂದೆತಾಯಿ ಪೋಷಕರಿಗೆ ಕೊಟ್ಟಿತು, ಒಟ್ಟಿನಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದಿತು. ನಾಮಪದದ ಮಟ್ಟಿಗೆ ಔದಾರ್ಯಕ್ಕೆ ಕೊರತೆಯಿಲ್ಲ. ಕ್ರಿಯಾಪದಗಳನ್ನು ನೋಡಬೇಕು: ಸಮಿತಿಯು ಶಾಲೆಯ ನಡೆವಳಿಯನ್ನು ಗಮನಿಸುವುದು, ಅಭಿವೃದ್ಧಿಯೋಜನೆಯನ್ನು ರಚಿಸಿ ಶಿಫಾರಸು ಮಾಡುವುದು, ಅನುದಾನದ ವೆಚ್ಚವನ್ನು ಗಮನಿಸುವುದು. ನೇಮಿಸುವುದು, ವರ್ಗಾಯಿಸುವುದು, ಪಠ್ಯವನ್ನು ಗೊತ್ತುಮಾಡುವುದು ಇವೆಲ್ಲ ಬೇರೆಡೆಗೆ ಸಂದುವು. ಸ್ವತಂತ್ರನಾದವನೇ ಕರ್ತೃವೆಂಬ ಪಾಣಿನಿಯ ಲಕ್ಷಣಕ್ಕೆ ಹಚ್ಚಿದರೆ, ಆಳಬೇಕಾದ ಸಮಿತಿಯು ವಾಕ್ಯದಲ್ಲಿದ್ದೂ ಕರ್ತೃವಾಗದು.

ಕರ್ನಾಟಕದಲ್ಲಿ ರಾಜಾ ರಾಮಣ್ಣನವರ ಕಾರ್ಯಪಡೆಯ ಸಲಹೆಯಂತೆ ೨೦೦೧ರಲ್ಲಿಯೇ ಎಸ್‌ಡಿಎಂಸಿಗಳು ಹುಟ್ಟಿದ್ದವು. ಮುಖ್ಯೋಪಾಧ್ಯಾಯರೇ ಅವುಗಳ ಕಾರ್ಯದರ್ಶಿಗಳು. ಲೇಖನಿ ಇಲಾಖೆಯದು, ರುಜು ಊರಿನದು!

ಹಾಗೆಂದು ಎಲ್ಲವನ್ನೂ ಊರಿಗೇ ಒಪ್ಪಿಸೋಣವೆಂಬವರು ಹಳೆಯದನ್ನು ಮರೆತಂತಿದೆ. ಅಸ್ಪೃಶ್ಯರೆನಿಸಿದವರ ಮಕ್ಕಳನ್ನು ಶಾಲೆಯ ಬಾಗಿಲಾಚೆ ಕೂರಿಸಿದ್ದು ಊರೇ ಅಲ್ಲವೆ? ದುರ್ಬಲವರ್ಗದವರ ಮಕ್ಕಳ ತಂದೆತಾಯಿಗಳಿಗೆ ಪ್ರಮಾಣಾನುಗುಣವಾದ ಸ್ಥಾನವೆಂಬ ಮಾತು ರಾಜಧಾನಿಯಿಂದಲೇ ಬರಬೇಕಾಯಿತು. ಆ ಮಟ್ಟಿಗೆ ಮೇಲ್ವಿಚಾರಣೆ ಉಚಿತವೇ. ಆದರೆ ೨೨ನೆಯ ವಿಧಿಯಂತೆ ಊರಿನ ಯೋಜನೆಯೇ ಅನುದಾನಕ್ಕೆ ಆಧಾರವಾಗಿರಲು, ಆ ಯೋಜನೆಗೆ ಯಾರು, ಎಷ್ಟು ದಿನಗಳೊಳಗೆ ಉತ್ತರ ಕೊಡಬೇಕೆಂಬುದನ್ನು ಶಾಸನಕಾರರು ಅಲ್ಲಿ ಬರೆಯದೆ ಬಿಟ್ಟಿದ್ದಾರೆ.