ರಕ್ಕಸತಂಗಡಿಯ ಯುದ್ಧವೂ ಮಂಡಲನೀತಿಯೂ

ಕ್ರಿ.ಶ. ೧೫೬೫ರ ರಕ್ಕಸತಂಗಡಿಯ ಯುದ್ಧಕ್ಕೆ ಮತದ್ವೇಷವೇ ಮೂಲವೆಂದು ಬೋಧಿಸುವ ವಾಡಿಕೆಯುಂಟು. ಇದಕ್ಕೆ ಮುಖ್ಯಾಧಾರವಾದ ಫರಿಷ್ತನ ಗ್ರಂಥವಾದರೋ ಯುದ್ಧವು ಕಳೆದು ಸುಮಾರು ೪೦ ವರ್ಷಗಳ ಮೇಲೆ ಬಿಜಾಪುರದ ಆಶ್ರಯದಲ್ಲಿ ರಚಿತವಾದುದು. ಬೀದರಿನಲ್ಲಿ ನಿಂತು ನೋಡುವವರಿಗೆ ಈ ಮತವು ಸಮ್ಮತವಾಗಲಾರದು. ಭಾಲ್ಕಿ ಔರಾದಗಳ ನೆರೆಯ ಉದಗೀರ ದುರ್ಗವನ್ನು ಅಲೀ ಬರೀದನಿಂದ ಕಿತ್ತುಕೊಂಡವನು ಅಹಮದನಗರದ ಬುರಹಾನ ನಿಜಾಮಶಾಹನೇ ಹೊರತು ವಿಜಯನಗರದವರಲ್ಲ. ಆದರೂ ಅದೇ ಬರೀದನು ೧೫೬೫ರಲ್ಲಿ ಬುರಹಾನನ ಮಗನಾದ ಹುಸೇನನ ಪಕ್ಷವನ್ನು ಸೇರಿದನು. ಬಿರಾರದ ಇಮಾದಶಾಹಿಯಾದರೋ ಅಹಮದನಗರದ ಮೇಲಣ ಹಗೆಯಿಂದ ದೂರವೇ ಉಳಿಯಿತು. ಮತವೇ ಕಾರಣವಾಗಿದ್ದ ಪಕ್ಷದಲ್ಲಿ ಇದು ಹೇಗೆ ಹೊಂದೀತು?

ಅತಿಪ್ರಬಲನಾದ ಮಧ್ಯಮನ ಮೇಲೆ ಮಂಡಲವನ್ನೆಲ್ಲ ಎತ್ತಿಕಟ್ಟುವ ಉಪಾಯವನ್ನು ಕೌಟಿಲ್ಯನು ೭ನೆಯ ಅಧಿಕರಣದ ೧೮ನೆಯ ಅಧ್ಯಾಯದಲ್ಲಿ ವಿವರಿಸಿರುವನು. (ನೆರೆಯವನು ಶತ್ರು, ಅವನ ನೆರೆಯವನು ಮಿತ್ರ ಎಂಬುದನ್ನಷ್ಟೇ ಬಾಯಿಪಾಠ ಮಾಡಿಸುವ ನಮ್ಮ ಪಾಠಶಾಲೆಗಳು ಅಷ್ಟು ದೂರ ಹೋಗುವುದಿಲ್ಲ.) ರಾಮರಾಯನು ೧೫೪೩ರಲ್ಲಿ ಅಹಮದನಗರದೊಡನೆ ಕೂಡಿ ಬಿಜಾಪುರದ ಮೇಲೂ, ೧೫೫೮ರ ಸುಮಾರಿಗೆ ಬಿಜಾಪುರದೊಡನೆ ಕೂಡಿ ಅಹಮದನಗರದ ಮೇಲೂ ನಡೆದನು. ಮಧ್ಯಮನ ಸ್ಥಾನದಲ್ಲಿದ್ದವನು ಹೀಗೆ ಸರ್ವರಿಗೂ ಶತ್ರುವಾದನು. ಆಗಲೇ ಸೊಲ್ಲಾಪುರಕ್ಕಾಗಿ ಬಹುಕಾಲ ಕಾದಾಡಿದ್ದ ಎರಡು ಮನೆತನಗಳು ಚಾಂದಬೀಬಿಯ ವಿವಾಹದಲ್ಲಿ ಅದೇ ದುರ್ಗವನ್ನು ಬಳುವಳಿಯಾಗಿ ಕೊಟ್ಟುಕೊಂಡು ಒಂದಾದುವು. ಅಲೀ ಬರೀದನು ಅಂದು ಯಾರೊಡನೆ ಕೂಡಿ ಕಾದಿದನೋ ಆ ಬಿಜಾಪುರದವರೇ ೧೬೧೯ರಲ್ಲಿ ಬೀದರನ್ನು ನುಂಗಿದರು.